ಹೆಸರು ಹೇಳು, ತಪ್ಪು ತಿದ್ದು

ಪುಟ್ಟಿ, ನಿನ್ನ ಬ್ಲಾಗಿನ ಹೊಸ ಬರಹ ಓದಿದೆ. ‘ಪತ್ರಿಕೆಗಳಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಅಂತ ತಲೆಬರಹ ಕೊಟ್ಟಿದ್ದೀಯೆ. ನಿಮ್ಮೂರ ಕೆರೆಯ ಒತ್ತುವರಿ ಬಗ್ಗೆ ನೀನು ಬಿಸಿಲಲ್ಲಿ ಅಲೆದು, ಚಿತ್ರ ತೆಗೆದು, ಸರ್ವೆ ನಂಬರು ಹುಡುಕಿ ಬರೆದದ್ದನ್ನು ಒಂದು ಪತ್ರಿಕೆಯ ಜಿಲ್ಲಾ ಪುಟ ಹೆಚ್ಚುಕಡಿಮೆ ಹಾಗೇ ಎತ್ತಿ ಹಾಕಿಕೊಂಡಿದೆ. ನಿನ್ನ ಬ್ಲಾಗಿನ ಹೆಸರೇ ಇಲ್ಲ. ನೀನು ತೆಗೆದ ಚಿತ್ರದ ಕೆಳಗೆ ‘ಅಂತರ್ಜಾಲ ಚಿತ್ರ’ ಎಂದಷ್ಟೇ ಇದೆ. ಸಿಟ್ಟು ಬಂದದ್ದು ನ್ಯಾಯವೇ. ಆದರೆ ಆ ಸಿಟ್ಟಿನಲ್ಲಿ ಎಲ್ಲ ಪತ್ರಿಕೆಗಳನ್ನೂ ಒಂದೇ ಸಲಕ್ಕೆ ಸುಟ್ಟುಹಾಕಿದ್ದೀಯಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿತು. ನಿನ್ನ ಚಿಕ್ಕಪ್ಪ ಕೆಲಸದ ಕಾಲವನ್ನೆಲ್ಲ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯ ತಿದ್ದುತ್ತ ಕಳೆದವನು. ನಿವೃತ್ತಿಯಾದ ಮೇಲೆ ನಿಮ್ಮಂಥವರ ಬ್ಲಾಗುಗಳನ್ನು ಬೆಳಗಿನ ಕಾಫಿ ಜೊತೆ ಓದುವ ಅಭ್ಯಾಸ ಮಾಡಿಕೊಂಡವನು. ಎರಡೂ ಕಡೆಯ ಒಳಮಾತು ಅಷ್ಟಿಷ್ಟು ಬಲ್ಲೆ.

ಮೊದಲು, ಇದರಲ್ಲಿ ನಿನ್ನದು ಯಾವುದು, ನಿನ್ನದಲ್ಲದ್ದು ಯಾವುದು ಅಂತ ಬೇರೆ ಮಾಡಿಕೊ. ಕೆರೆ ಒತ್ತುವರಿಯಾಗಿದೆ ಎಂಬ ಸಂಗತಿ ಯಾರ ಸ್ವತ್ತೂ ಅಲ್ಲ. ನೀನು ಮೊದಲು ಕಂಡೆ ಎಂದ ಮಾತ್ರಕ್ಕೆ ಅದರ ಬಗ್ಗೆ ಬೇರೆಯವರು ಬರೆಯಬಾರದು ಎನ್ನಲಾಗದು. ಅವರು ಬರೆಯಲಿ ಎಂದೇ ಅಲ್ಲವೇ ನೀನು ಬರೆದದ್ದು? ಆದರೆ ನೀನು ಕಟ್ಟಿದ ವಾಕ್ಯಗಳು ನಿನ್ನವು, ನೀನು ತೆಗೆದ ಚಿತ್ರ ನಿನ್ನದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಗಳಿಗೆಯಲ್ಲೇ ಆ ಹಕ್ಕು ಹುಟ್ಟುತ್ತದೆ. ಎಲ್ಲೂ ನೋಂದಾಯಿಸಬೇಕಿಲ್ಲ, ಅಚ್ಚಾಗಿರಬೇಕೆಂದೂ ಇಲ್ಲ. ಅದೇ ಕಾಯ್ದೆಯ 57ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ ‘ಇದನ್ನು ಮಾಡಿದವನು ನಾನು’ ಎಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೇ ಉಳಿಸಿದೆ. ಅಂತರ್ಜಾಲದಲ್ಲಿ ಬಿದ್ದಿರುವುದೆಲ್ಲ ಊರ ಗೋಮಾಳ ಎಂದುಕೊಂಡವರು ಪತ್ರಿಕಾ ಕಚೇರಿಗಳಲ್ಲಿ ಇದ್ದಾರೆ, ನಿಜ. ಅವರ ತಿಳಿವಳಿಕೆ ತಪ್ಪು.

ತಪ್ಪನ್ನು ತಿದ್ದಿಸುವ ದಾರಿಯೂ ಇದೆ. ಪತ್ರಿಕೆಯ ಪುಟವನ್ನೂ ನಿನ್ನ ಬರಹವನ್ನೂ ದಿನಾಂಕ ಕಾಣುವಂತೆ ಪಕ್ಕಪಕ್ಕ ಇಟ್ಟು ಉಳಿಸಿಕೊ. ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರೆಂದು ಇರುತ್ತದೆ. ಆ ಸಂಪಾದಕರ ಹೆಸರಿಗೇ ಪತ್ರ ಬರೆ. ವರದಿಗಾರನ ಫೇಸ್‌ಬುಕ್ ಗೋಡೆಯ ಮೇಲೆ ಜಗಳ ಬೇಡ. ಏನು ಬೇಕು ಎಂದು ಸ್ಪಷ್ಟವಾಗಿ ಕೇಳು: ಬ್ಲಾಗಿನ ಹೆಸರಿನೊಂದಿಗೆ ಒಂದು ಸ್ಪಷ್ಟನೆ ಮತ್ತು ಚಿತ್ರಕ್ಕೆ ಸಂಭಾವನೆ. ಉತ್ತರ ಬರದಿದ್ದರೆ ಭಾರತೀಯ ಪತ್ರಿಕಾ ಮಂಡಳಿ ಇದೆ. ದಿನಪತ್ರಿಕೆಯ ಮೇಲಿನ ದೂರಾದರೆ ಎರಡು ತಿಂಗಳ ಒಳಗೆ ಕೊಡಬೇಕು. ಅದಕ್ಕೆ ಮೊದಲು ಸಂಪಾದಕರಿಗೆ ಬರೆದಿರಬೇಕು ಎನ್ನುವುದು ಅಲ್ಲಿನ ನಿಯಮ. ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ, ಎಚ್ಚರಿಸಬಹುದು, ಖಂಡಿಸಬಹುದು ಅಷ್ಟೆ. ಆದರೂ ಮೂಲ ಹೇಳದೆ ಬೇರೆಯವರ ಬರಹವನ್ನು ತನ್ನದೆಂದು ತೋರಿಸುವುದು ಪತ್ರಿಕಾಧರ್ಮಕ್ಕೆ ವಿರುದ್ಧ ಎಂದು ಮಂಡಳಿಯ ನಡಾವಳಿ ಸೂತ್ರಗಳಲ್ಲೇ ಇದೆ. ಆ ಮಾತನ್ನು ನಿನ್ನ ಪತ್ರದಲ್ಲಿ ನೆನಪಿಸಿದರೆ ಸಂಪಾದಕರು ಪತ್ರವನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾರೆ.

ಈಗ ನಿನಗೆ ಹಿತವಾಗದ ಮಾತು. ಅದೇ ಕೆರೆಯ ಬರಹದ ನಡುವೆ ಕೋಡಿ ಒಡೆದ ವರ್ಷ, ಆಗ ಮುಳುಗಿದ ತೋಟಗಳು, ಹೂಳೆತ್ತುವ ಕಾಮಗಾರಿಗೆ ಮಂಜೂರಾದ ಹಣ ಎಲ್ಲ ಬಂದಿವೆ. ಅವನ್ನೆಲ್ಲ ನೀನು ಗ್ರಂಥಾಲಯದಲ್ಲಿ ಹಳೆಯ ದಿನಪತ್ರಿಕೆ ತಿರುವಿ ತೆಗೆದದ್ದು. ನಿನ್ನ ಬರಹದಲ್ಲಿ ಅದಕ್ಕೆ ಸಿಕ್ಕ ಗೌರವ ‘ಪತ್ರಿಕಾ ವರದಿಗಳ ಪ್ರಕಾರ’ ಎಂಬ ಮೂರು ಪದ. ಯಾವ ಪತ್ರಿಕೆ? ಯಾವ ದಿನದ್ದು? ಬರೆದವರು ಯಾರು? ಆ ವರದಿಗಾರನೂ ಕೆರೆ ಏರಿಯ ಮೇಲೆ ನೀರು ನುಗ್ಗುವಾಗ ನಿಂತಿದ್ದವನೇ. ನಿನ್ನ ಚಿತ್ರದ ಕೆಳಗಿನ ‘ಅಂತರ್ಜಾಲ ಚಿತ್ರ’ಕ್ಕೂ ನಿನ್ನ ‘ಪತ್ರಿಕಾ ವರದಿಗಳ ಪ್ರಕಾರ’ಕ್ಕೂ ಏನು ವ್ಯತ್ಯಾಸ ಹೇಳು ನೋಡೋಣ. ಬ್ಲಾಗಿಗರಿಗೂ ಪತ್ರಕರ್ತರಿಗೂ ನಡುವೆ ಇರುವ ಮುನಿಸಿನ ಅರ್ಧ ಭಾಗ ಇಷ್ಟೇ: ಇಬ್ಬರೂ ಒಬ್ಬರಿಂದೊಬ್ಬರು ಪಡೆಯುತ್ತಾರೆ, ಇಬ್ಬರೂ ಹೆಸರು ಹೇಳುವುದಿಲ್ಲ.

ಈ ಮುನಿಸು ಇಂದಿನದಲ್ಲ, ನಮ್ಮದೊಂದೇ ಊರಿನದೂ ಅಲ್ಲ. ಅಮೆರಿಕದಲ್ಲಿ 2004ರ ಸೆಪ್ಟೆಂಬರ್ 8ರಂದು, ಅಧ್ಯಕ್ಷ ಚುನಾವಣೆಗೆ ಎರಡು ತಿಂಗಳಿರುವಾಗ, ಸಿಬಿಎಸ್ ವಾಹಿನಿಯಲ್ಲಿ ಡ್ಯಾನ್ ರಾದರ್ ಎಂಬ ಹಿರಿಯ ಪತ್ರಕರ್ತ ಕೆಲವು ಕಾಗದಗಳನ್ನು ತೋರಿಸಿದರು. ಆಗ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರು 1970ರ ದಶಕದ ಆರಂಭದಲ್ಲಿ ನ್ಯಾಷನಲ್ ಗಾರ್ಡ್ ಸೇವೆಯಲ್ಲಿದ್ದಾಗಿನ ಟಿಪ್ಪಣಿಗಳು ಅವು ಎಂದರು. ಕಾರ್ಯಕ್ರಮ ಮುಗಿದು ಕೆಲವು ಗಂಟೆಗಳಲ್ಲೇ ಅಂತರ್ಜಾಲದಲ್ಲಿ ಬರೆಯುವವರು ಆ ಕಾಗದಗಳ ಅಕ್ಷರಗಳತ್ತ ಬೆರಳು ತೋರಿಸಿದರು. ಒಂದೊಂದು ಅಕ್ಷರ ಒಂದೊಂದು ಅಗಲ. ಆ ಕಾಲದ ಕಚೇರಿಯ ಟೈಪ್‌ರೈಟರ್ ಸಾಮಾನ್ಯವಾಗಿ ಹಾಗೆ ಹೊಡೆಯುತ್ತಿರಲಿಲ್ಲ. ಒಬ್ಬ ಬ್ಲಾಗಿಗ ಅದೇ ಸಾಲುಗಳನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಹೊಡೆದು, ಒಂದರ ಮೇಲೊಂದು ಇಟ್ಟು, ಎರಡೂ ಕೂಡಿಕೊಳ್ಳುವುದನ್ನು ತೋರಿಸಿದ. ವಾಹಿನಿಯ ಮಾಜಿ ಅಧಿಕಾರಿಯೊಬ್ಬರು, ನಮ್ಮಲ್ಲಿ ಹಂತಹಂತದ ಪರಿಶೀಲನೆ ಇದೆ, ಎದುರಿಗಿರುವುದು ಮನೆಯಲ್ಲಿ ಪೈಜಾಮ ಹಾಕಿಕೊಂಡು ಬರೆಯುವ ಮನುಷ್ಯ ಎಂಬರ್ಥದಲ್ಲಿ ಹಂಗಿಸಿದರು. ಸೆಪ್ಟೆಂಬರ್ 20ಕ್ಕೆ ಸಿಬಿಎಸ್ ತಾನೇ, ಕಾಗದಗಳು ಅಸಲಿ ಎಂದು ಸಾಬೀತು ಮಾಡಲಾಗದು ಎಂದು ಒಪ್ಪಿಕೊಂಡಿತು. ಮುಂದಿನ ಮಾರ್ಚ್‌ನಲ್ಲಿ ರಾದರ್ ಸಂಜೆ ವಾರ್ತೆಯ ಪೀಠದಿಂದ ಇಳಿದರು. ಬ್ಲಾಗಿಗರು ಬೈಗುಳವನ್ನೇ ಬಿರುದು ಮಾಡಿಕೊಂಡು ‘ಪೈಜಾಮಾಸ್ ಮೀಡಿಯಾ’ ಎಂದು ಒಂದು ಸಂಸ್ಥೆಯನ್ನೇ ಕಟ್ಟಿದರು.

ಈ ಕಥೆಯನ್ನು ನಿನ್ನ ಗೆಳೆಯರು ಬ್ಲಾಗಿನ ವಿಜಯಗಾಥೆಯಾಗಿ ಹೇಳುತ್ತಾರೆ. ಗೆದ್ದದ್ದು ಏನು ಅಂತ ಸರಿಯಾಗಿ ನೋಡು. ವೇಗ ಗೆಲ್ಲಲಿಲ್ಲ, ಸ್ವಾತಂತ್ರ್ಯವೂ ಗೆಲ್ಲಲಿಲ್ಲ. ಅಕ್ಷರದ ಅಗಲ ಅಳೆದು ನೋಡಿದ ತಾಳ್ಮೆ ಗೆದ್ದಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಸುದ್ದಿಮನೆ ಮರೆತ ದಿನ ಹೊರಗಿನವರು ನೆನಪಿಟ್ಟುಕೊಂಡರು. ಡೆಸ್ಕಿನ ಕೆಲಸವನ್ನು ಡೆಸ್ಕು ಮಾಡದಿದ್ದಾಗ ಅವರು ಮಾಡಿದರು.

ನಮ್ಮ ಕನ್ನಡದಲ್ಲಿ ಈ ಮುಖಾಮುಖಿ ಸ್ವಲ್ಪ ಬೇರೆ ಬಗೆಯಲ್ಲಿ ಬಂತು. 1996ರಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಜಾಲಪತ್ರಿಕೆ ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದು ಹೊರದೇಶದಲ್ಲಿದ್ದ ಕನ್ನಡಿಗರ ಬೆರಳಿಗೂ ಕನ್ನಡ ಹತ್ತಿತು. ಆಮೇಲೆ ಯೂನಿಕೋಡ್. 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’, 2007ರ ಸುಮಾರಿಗೆ ‘ಅವಧಿ’, ‘ಕೆಂಡಸಂಪಿಗೆ’ ಜಾಲತಾಣಗಳು ಬಂದವು. ಆ ವರ್ಷಗಳಲ್ಲಿ ಎಷ್ಟೋ ಪತ್ರಿಕೆಗಳ ಜಾಲತಾಣಗಳು ತಮ್ಮದೇ ಫಾಂಟಿನಲ್ಲಿದ್ದವು; ಆ ಫಾಂಟು ಇಲ್ಲದವರಿಗೆ ಕನ್ನಡದ ಬದಲು ತಲೆಬುಡವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಗೂಗಲ್‌ನಲ್ಲಿ ಕನ್ನಡದ ಒಂದು ಪದ ಹಾಕಿ ಹುಡುಕಿದರೆ ದೊಡ್ಡ ಪತ್ರಿಕೆಯ ವರದಿ ಸಿಗುತ್ತಿರಲಿಲ್ಲ, ಯೂನಿಕೋಡ್‌ನಲ್ಲಿ ಬರೆದ ಯಾರೋ ಎಂಜಿನಿಯರ್ ಹುಡುಗನ ಬ್ಲಾಗು ಸಿಗುತ್ತಿತ್ತು. ಲಕ್ಷಗಟ್ಟಲೆ ಪ್ರಸಾರವಿದ್ದವರು ಹುಡುಕಾಟದಲ್ಲಿ ಇಲ್ಲವಾದರು, ಹತ್ತಾರು ಓದುಗರಿದ್ದವನು ಕಾಣಿಸಿಕೊಂಡ. ಸುದ್ದಿಮನೆಯ ಅಸಮಾಧಾನಕ್ಕೆ ಇದೂ ಒಂದು ಕಾರಣ.

ಆದರೂ ಇಲ್ಲಿ ಬಣಗಳು ಅಷ್ಟು ಖಚಿತವಾಗಿ ಬೇರೆ ಆಗಲಿಲ್ಲ. ‘ಅವಧಿ’ ಕಟ್ಟಿದ ಜಿ.ಎನ್. ಮೋಹನ್ ದಿನಪತ್ರಿಕೆ ಮತ್ತು ಟೀವಿಯಲ್ಲಿ ಪಳಗಿದವರು. ‘ಕೆಂಡಸಂಪಿಗೆ’ಯ ಅಬ್ದುಲ್ ರಶೀದ್ ಆಕಾಶವಾಣಿಯವರು. ಬ್ಲಾಗಿನಲ್ಲಿ ಬರೆದು ಕೈ ಪಳಗಿಸಿಕೊಂಡವರು ಪತ್ರಿಕೆಗಳ ಅಂಕಣಕಾರರಾದರು. ಪತ್ರಿಕೆಯಲ್ಲಿ ಜಾಗ ಸಾಲದ ವರದಿಗಾರರು ಉಳಿದದ್ದನ್ನು ಬ್ಲಾಗಿನಲ್ಲಿ ಬರೆದರು. ಇನ್ನೂ ಹಿಂದಕ್ಕೆ ಹೋದರೆ, 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ತೆಗೆದ ‘ಮಂಗಳೂರ ಸಮಾಚಾರ’ ಒಂದು ಸಣ್ಣ ಪಾಕ್ಷಿಕ. 1980ರಲ್ಲಿ ಲಂಕೇಶರು ಜಾಹೀರಾತನ್ನೇ ನೆಚ್ಚದೆ ವಾರಪತ್ರಿಕೆ ತಂದಾಗ ಅದೂ ದೊಡ್ಡವರ ಸಾಲಿನಲ್ಲಿ ಕೂತು ಬಂದದ್ದಲ್ಲ. ಕನ್ನಡ ಪತ್ರಿಕೋದ್ಯಮದಲ್ಲಿ ಹೊಸ ನೀರು ಬಂದಾಗೆಲ್ಲ ಅದು ಬಂದದ್ದು ಸಣ್ಣವರ ಕೈಯಿಂದ. ಹಾಗಾಗಿ ಸಣ್ಣವಳೆಂದು ನೀನು ಕುಗ್ಗಬೇಕಿಲ್ಲ; ಸಣ್ಣವಳಾಗಿರುವುದೇ ಸಾಧನೆ ಎಂದು ಬೀಗಲೂಬೇಡ.

‘ಪತ್ರಿಕೆಗಳು ಸತ್ತರೆ ನಷ್ಟವೇನು’ ಎಂದು ಕೇಳಿದ್ದೀಯೆ. ಅಮೆರಿಕದ ಡೆನ್ವರ್ ನಗರದ ‘ರಾಕಿ ಮೌಂಟನ್ ನ್ಯೂಸ್’ 1859ರಲ್ಲಿ ಹುಟ್ಟಿ, ನೂರೈವತ್ತು ತುಂಬಲು ಎರಡು ತಿಂಗಳೂ ಇಲ್ಲದಿರುವಾಗ, 2009ರ ಫೆಬ್ರವರಿ 27ರಂದು ಕೊನೆಯ ಸಂಚಿಕೆ ತಂದಿತು. ಬ್ಲಾಗುಗಳು ಅದನ್ನು ಕೊಂದವು ಎನ್ನುವುದು ಸುಳ್ಳು. ವರ್ಗೀಕೃತ ಜಾಹೀರಾತು ಅಂತರ್ಜಾಲಕ್ಕೆ ಹೋದದ್ದು, ಆರ್ಥಿಕ ಕುಸಿತ, ಮಾಲೀಕರ ನಷ್ಟ ಎಲ್ಲ ಸೇರಿ ಕೊಂದವು. ಆದರೆ ಒಂದು ಪತ್ರಿಕೆ ಮುಚ್ಚಿದಾಗ ನಗರಸಭೆಯ ಸಭೆಗಳಲ್ಲಿ, ನ್ಯಾಯಾಲಯದ ಬೆಂಚುಗಳಲ್ಲಿ ಸಂಬಳ ಪಡೆದು ದಿನವೂ ಕೂರುತ್ತಿದ್ದವರ ಕುರ್ಚಿ ಖಾಲಿಯಾಗುತ್ತದೆ. ನಿಮ್ಮ ತಾಲ್ಲೂಕು ಪಂಚಾಯಿತಿಯ ಸಾಮಾನ್ಯ ಸಭೆಗೆ ನೀನು ಎಷ್ಟು ಸಲ ಹೋಗಿದ್ದೀಯೆ? ಹೋಗಲಾಗದು, ನಿನಗೆ ಬೇರೆ ನೌಕರಿ ಇದೆ. ಬೇಜಾರಿನ ಆ ಸಭೆಯಲ್ಲಿ ಮೂರು ಗಂಟೆ ಕೂತು ನಾಲ್ಕು ಸಾಲು ಬರೆಯುವವನು ಆ ಜಿಲ್ಲಾ ಪುಟದ ವರದಿಗಾರ. ಅನೇಕ ಊರುಗಳಲ್ಲಿ ಅವನಿಗೆ ತಿಂಗಳ ಸಂಬಳವೂ ಇರುವುದಿಲ್ಲ, ಬರೆದಷ್ಟಕ್ಕೆ ಕಾಸು. ನಿನ್ನ ಬರಹ ಎತ್ತಿಕೊಂಡವನು ಅವನೇ ಇರಬಹುದು, ತಪ್ಪು ತಪ್ಪೇ. ಆದರೆ ಅವನ ಕುರ್ಚಿ ಉಳಿಯಲಿ ಎಂದು ಬಯಸು.

ಪತ್ರಿಕೆಗಳ ಬಗ್ಗೆ ನೀನು ಹೇಳಿದ್ದರಲ್ಲಿ ನಿಜವೂ ಬಹಳ ಇದೆ, ಅದನ್ನು ಮುಚ್ಚಿಡಲಾರೆ. 2009ರ ಮಹಾರಾಷ್ಟ್ರ ಚುನಾವಣೆಯಲ್ಲಿ ಒಬ್ಬರೇ ರಾಜಕಾರಣಿಯ ಹೊಗಳಿಕೆ, ಒಂದೇ ಪಠ್ಯ, ಬೇರೆ ಬೇರೆ ಪತ್ರಿಕೆಗಳಲ್ಲಿ ಬೇರೆ ಬೇರೆ ಬೈಲೈನಿನಲ್ಲಿ ಬಂತು. ಇಂಥ ಕಾಸಿಗಾಗಿ ಸುದ್ದಿಯ ಬಗ್ಗೆ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರು 2010ರಲ್ಲಿ ಪತ್ರಿಕಾ ಮಂಡಳಿಗೆ ಕೊಟ್ಟ ವರದಿಯನ್ನು ಮಂಡಳಿಯೇ ಪೂರ್ತಿಯಾಗಿ ಪ್ರಕಟಿಸಲಿಲ್ಲ; 2011ರಲ್ಲಿ ಕೇಂದ್ರ ಮಾಹಿತಿ ಆಯೋಗದ ಆದೇಶದ ಮೇಲೆ ಅದು ಬಹಿರಂಗವಾಯಿತು. ಹೀಗಿರುವಾಗ ಹೊರಗಿನ ಕಣ್ಣು ಬೇಕೇ ಬೇಕು. ಆದರೆ ಇದನ್ನೂ ಗಮನಿಸು: ಆ ಮಹಾರಾಷ್ಟ್ರದ ಪ್ರಕರಣವನ್ನು ಅಂಕಿಅಂಶ ಸಮೇತ ಬಯಲಿಗೆಳೆದವರು ‘ದಿ ಹಿಂದೂ’ ಪತ್ರಿಕೆಯಲ್ಲಿ ಪಿ. ಸಾಯಿನಾಥ್. ಪತ್ರಿಕೆಗಳ ರೋಗವನ್ನು ಪತ್ರಿಕೆಯಲ್ಲೇ ಬರೆದವರೂ ಇದ್ದಾರೆ. ಆದ್ದರಿಂದ ಬೈಯುವಾಗ ‘ಪತ್ರಿಕೆಗಳು’ ಎಂದು ಬೈಯಬೇಡ. ಯಾವ ಪತ್ರಿಕೆ, ಯಾವ ದಿನ, ಯಾವ ಪುಟ ಎಂದು ಬೈ. ಗುಂಪನ್ನು ಬೈದರೆ ಯಾರಿಗೂ ತಾಗುವುದಿಲ್ಲ.

ತಾಗುವಂತೆ ಬರೆದರೆ ತಿರುಗೇಟೂ ಬರುತ್ತದೆ, ಅದಕ್ಕೆ ತಯಾರಿರಬೇಕು. ಪ್ರದ್ಯುಮ್ನ ಮಹೇಶ್ವರಿ ಎಂಬ ಪತ್ರಕರ್ತ ‘ಮೀಡಿಯಾಹ್’ ಎಂಬ ಬ್ಲಾಗಿನಲ್ಲಿ ಮಾಧ್ಯಮ ವಿಮರ್ಶೆ ಬರೆಯುತ್ತಿದ್ದರು. 2005ರಲ್ಲಿ ಟೈಮ್ಸ್ ಆಫ್ ಇಂಡಿಯಾದ ಕಡೆಯಿಂದ ವಕೀಲರ ನೋಟಿಸು ಬಂತು. ಒಬ್ಬಂಟಿ ಬ್ಲಾಗಿಗನಿಗೆ ಅಷ್ಟು ದೊಡ್ಡ ಸಂಸ್ಥೆಯೊಡನೆ ಕೋರ್ಟಿಗೆ ಅಲೆಯುವ ತ್ರಾಣ ಎಲ್ಲಿಂದ? ಬ್ಲಾಗು ನಿಂತಿತು. ನವೆಂಬರ್ 26ರ ಮುಂಬೈ ದಾಳಿಯ ಟೀವಿ ವರದಿಗಾರಿಕೆಯನ್ನು ಟೀಕಿಸಿ ಬರೆದಿದ್ದ, ನೆದರ್ಲೆಂಡ್ಸಿನಲ್ಲಿದ್ದ ಭಾರತೀಯನೊಬ್ಬ 2009ರ ಜನವರಿಯಲ್ಲಿ ಬರಹವನ್ನು ಹಿಂದಕ್ಕೆ ಪಡೆದು ಕ್ಷಮೆ ಕೇಳಬೇಕಾಯಿತು. ವಾಕ್ ಸ್ವಾತಂತ್ರ್ಯದ ಬಗ್ಗೆ ಸಂಪಾದಕೀಯ ಬರೆಯುವ ಮಾಧ್ಯಮದವರೇ ತಮ್ಮನ್ನು ಟೀಕಿಸಿದವರ ಮೇಲೆ ವಕೀಲರನ್ನು ಬಿಡುವುದು ಶೋಭೆಯಲ್ಲ. ಟೀಕೆಗೆ ಉತ್ತರ ಬರೆಯಲು ಅವರ ಕೈಯಲ್ಲಿ ಒಂದು ಇಡೀ ಪತ್ರಿಕೆ ಇದೆ. ಆದರೆ ಶೋಭೆಯಲ್ಲ ಎಂದು ನಾನು ಹೇಳಿದರೆ ನಿನಗೆ ರಕ್ಷಣೆ ಸಿಗುವುದಿಲ್ಲ. ವರದಿಗಾರನ ಬೆನ್ನಿಗೆ ಸಂಸ್ಥೆ ಇದೆ, ವಕೀಲರಿದ್ದಾರೆ. ನಿನ್ನ ಬೆನ್ನಿಗೆ ಇರುವುದು ನಿನ್ನ ದಾಖಲೆ ಮಾತ್ರ.

ಅದಕ್ಕೆ ಈ ಅಭ್ಯಾಸಗಳನ್ನು ಮಾಡಿಕೊ. ಆರೋಪ ಮಾಡುವ ಮೊದಲು ಎದುರಿನವರಿಗೆ ಫೋನು ಮಾಡು, ಉತ್ತರ ಬರೆದುಕೊ, ಉತ್ತರ ಕೊಡದಿದ್ದರೆ ಎಂದು, ಎಷ್ಟು ಹೊತ್ತಿಗೆ ಕೇಳಿದೆ ಎಂದು ಬರಹದಲ್ಲೇ ಹೇಳು. ಕೆರೆಯ ಗಡಿಯನ್ನು ದಿಶಾಂಕ್ ಆಪ್‌ನಲ್ಲಿ ನೋಡಿ ಬರೆದಿದ್ದೀಯೆ. ಅದು ದಾರಿ ತೋರಿಸುತ್ತದೆ, ಸಾಕ್ಷಿ ಹೇಳುವುದಿಲ್ಲ. ಪಹಣಿ ತೆಗೆಸು, ಅಳತೆ ನಕ್ಷೆಗೆ ಅರ್ಜಿ ಹಾಕು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅಷ್ಟರಲ್ಲಿ ಕೇಳಲು ಕಲಿತರೆ ವಾಕ್ಯವೂ ಬಿಗಿಯಾಗುತ್ತದೆ. ಕಂಡದ್ದನ್ನು ಕಂಡದ್ದೆಂದು, ಅನ್ನಿಸಿದ್ದನ್ನು ಅನ್ನಿಸಿದ್ದೆಂದು ಬೇರೆ ಬೇರೆ ಪ್ಯಾರಾದಲ್ಲಿ ಬರೆ. ಅಂತರ್ಜಾಲದಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಸಜೆ ಎನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ತೆಗೆದುಹಾಕಿದೆ ನಿಜ, ಆದರೆ ಮಾನನಷ್ಟದ ಕಾನೂನು ಇನ್ನೂ ಇದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನು, ಎರಡು ವರ್ಷದವರೆಗೆ ಸಜೆಗೆ ಅವಕಾಶವಿದೆ. ಬರೆದದ್ದು ಸತ್ಯ ಎಂದರೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಬರೆದದ್ದು ಎಂದೂ ತೋರಿಸಬೇಕು. ಕೆರೆ ಒತ್ತುವರಿ ಸಾರ್ವಜನಿಕ ಹಿತದ ವಿಷಯ. ಒತ್ತುವರಿ ಮಾಡಿದವನ ಮಗಳ ಮದುವೆಗೆ ಎಷ್ಟು ಖರ್ಚಾಯಿತು ಎನ್ನುವುದು ಅಲ್ಲ. ಆ ಪ್ಯಾರಾ ತೆಗೆದುಹಾಕು.

ಹೆಸರಿನ ವಿಷಯವೂ ಬಂತು. ಪತ್ರಿಕೆಯವರು ಬ್ಲಾಗಿಗರ ಮೇಲೆ ಹೊರಿಸುವ ಆಪಾದನೆಗಳಲ್ಲಿ ಒಂದನ್ನು ನಾನೂ ಒಪ್ಪುತ್ತೇನೆ. 1867ರ ಕಾಯ್ದೆಯ ಕಾಲದಿಂದಲೂ ಪ್ರತಿ ಪತ್ರಿಕೆ ತನ್ನನ್ನು ಯಾರು ಅಚ್ಚು ಮಾಡಿದರು, ಎಲ್ಲಿ ಮಾಡಿದರು, ಪ್ರಕಾಶಕರು ಯಾರು ಎಂದು ಹಾಕಲೇಬೇಕು. ಬ್ರಿಟಿಷರು ಅದನ್ನು ತಂದದ್ದು ನಿಗಾ ಇಡಲಿಕ್ಕೆ. ಆದರೆ ಓದುಗನಿಗೆ ಅದರಿಂದ ಒಂದು ಉಪಕಾರವಾಯಿತು, ತಪ್ಪು ಬರೆದರೆ ಹೋಗಿ ಕೇಳಲು ಒಂದು ಬಾಗಿಲು ಸಿಕ್ಕಿತು. ನಿನ್ನ ಬ್ಲಾಗಿನಲ್ಲಿ ನಿನ್ನ ಹೆಸರಿಲ್ಲ, ಇಮೇಲ್ ಕೂಡ ಇಲ್ಲ. ಗುಪ್ತನಾಮಕ್ಕೆ ಕಾರಣವಿರಬಹುದು, ಒತ್ತುವರಿದಾರರ ಊರಿನಲ್ಲೇ ಇರುವ ಹೆಣ್ಣುಮಗಳು ಹೆಸರು ಹಾಕಲೇಬೇಕು ಎಂದು ನಾನು ಹೇಳಲಾರೆ. ಆದರೆ ಆಕ್ಷೇಪ ಇರುವವರು ಬರೆಯಲು ಒಂದು ಇಮೇಲ್ ವಿಳಾಸ ಇಡು, ಬಂದ ಆಕ್ಷೇಪಕ್ಕೆ ಉತ್ತರ ಕೊಡು. ಯಾರಿಗೂ ಸಿಗದ ಜಾಗದಲ್ಲಿ ಕೂತು ಎಲ್ಲರನ್ನೂ ಪ್ರಶ್ನಿಸುವುದು ಬಹಳ ದಿನ ನಡೆಯುವುದಿಲ್ಲ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವ ಮಾತು. ತಪ್ಪು ಎಲ್ಲರಿಂದಲೂ ಆಗುತ್ತದೆ. ಪತ್ರಿಕೆಯೋ ಬ್ಲಾಗೋ ಎನ್ನುವುದರಿಂದ ಅದು ಹೆಚ್ಚುಕಡಿಮೆಯಾಗುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸಿಡಿದಾಗ ರೆಡಿಟ್ ಎಂಬ ತಾಣದಲ್ಲಿ ಕೂತವರು ಪತ್ತೇದಾರಿಗೆ ಇಳಿದು, ಕಾಣೆಯಾಗಿದ್ದ ಒಬ್ಬ ಅಮಾಯಕ ವಿದ್ಯಾರ್ಥಿಯ ಹೆಸರನ್ನು ಅಪರಾಧಿಯೆಂದು ಹಬ್ಬಿಸಿದರು. ಅವನಿಗೂ ದಾಳಿಗೂ ಸಂಬಂಧವೇ ಇರಲಿಲ್ಲ. ಆಮೇಲೆ ಅವನ ಶವ ಸಿಕ್ಕಿತು. ಅದೇ ವಾರ ‘ನ್ಯೂಯಾರ್ಕ್ ಪೋಸ್ಟ್’ ಎಂಬ ಹಳೆಯ ದಿನಪತ್ರಿಕೆ ಇಬ್ಬರು ಅಮಾಯಕ ಯುವಕರ ಚಿತ್ರವನ್ನು ಮುಖಪುಟದ ತುಂಬ ಹಾಕಿ, ಅವರೇ ಬ್ಯಾಗು ತಂದವರು ಎನ್ನುವಂತೆ ತಲೆಬರಹ ಕೊಟ್ಟಿತು. ಅಂತರ್ಜಾಲವೂ ಎಡವಿತು, ಅಚ್ಚೂ ಎಡವಿತು. ರೆಡಿಟ್‌ನ ಮುಖ್ಯಸ್ಥರು ಕೆಲವೇ ದಿನಗಳಲ್ಲಿ ಆ ಹುಡುಗನ ಕುಟುಂಬದ ಕ್ಷಮೆಯನ್ನು ಎಲ್ಲರೆದುರು ಕೇಳಿದರು. ಪತ್ರಿಕೆಯ ಸಂಪಾದಕರು ತಮ್ಮ ವರದಿಗೆ ಬದ್ಧ ಎಂದೇ ಹೇಳಿದರು. ಯುವಕರು ದಾವೆ ಹೂಡಿದರು, ಅದು ಕೊನೆಗೆ ರಾಜಿಯಲ್ಲಿ ಮುಗಿಯಿತು.

ಇದಕ್ಕೆ ತಿರುಗುಮುರುಗಾದ ನಿದರ್ಶನವೂ ಇದೆ. 2003ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ತನ್ನ ವರದಿಗಾರ ಜೇಸನ್ ಬ್ಲೇರ್ ಹೋಗದ ಊರಿಗೆ ಹೋದೆನೆಂದು, ಆಡದ ಮಾತನ್ನು ಆಡಿದರೆಂದು ಬರೆದದ್ದನ್ನು ಕಂಡುಹಿಡಿದಾಗ, ಮೇ 11ರ ಮುಖಪುಟದಿಂದ ಆರಂಭಿಸಿ ಸಾವಿರಾರು ಪದಗಳಲ್ಲಿ ತನ್ನ ಹುಳುಕನ್ನು ತಾನೇ ಬಿಚ್ಚಿಟ್ಟಿತು. ಮುಂದಿನ ತಿಂಗಳು ಅದರ ಇಬ್ಬರು ಮೇಲ್ಸಂಪಾದಕರು ರಾಜೀನಾಮೆ ಕೊಟ್ಟರು. ಓದುಗರ ಪರವಾಗಿ ಪತ್ರಿಕೆಯನ್ನೇ ಪ್ರಶ್ನಿಸಲು ಒಬ್ಬ ಸಾರ್ವಜನಿಕ ಸಂಪಾದಕನನ್ನು ನೇಮಿಸಿತು. ನಮ್ಮಲ್ಲಿ ‘ದಿ ಹಿಂದೂ’ 2006ರಲ್ಲಿ ಓದುಗರ ಸಂಪಾದಕನನ್ನು ನೇಮಿಸಿ, ತಿದ್ದುಪಡಿಗಳಿಗೆಂದು ಒಂದು ಜಾಗವನ್ನೇ ಇಟ್ಟಿತು. ಇನ್ನೂ ಒಂದು ಸ್ವಾರಸ್ಯ ಕೇಳು: ನ್ಯೂಯಾರ್ಕ್ ಟೈಮ್ಸ್ 2017ರಲ್ಲಿ ಆ ಹುದ್ದೆಯನ್ನು ರದ್ದು ಮಾಡಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಈಗ ಅಂತರ್ಜಾಲದ ಓದುಗರೇ ನಮ್ಮ ಕಾವಲುಗಾರರಾಗಿದ್ದಾರೆ ಎಂಬುದು. ಪೈಜಾಮ ಎಂದು ನಕ್ಕವರ ಬಳಗದವರೇ ಹದಿಮೂರು ವರ್ಷಕ್ಕೆ ಆ ಕಾವಲನ್ನು ಒಪ್ಪಿಕೊಂಡರು. ಹೊಣೆಯನ್ನು ನಿಮ್ಮ ಕೈಗೆ ಕೊಟ್ಟಿದ್ದಾರೆ ಎಂದೂ ಇದರ ಅರ್ಥ.

ಆ ಹೊಣೆ ಹೊರಲು ನಿನ್ನ ಕೈ ಶುದ್ಧವಿರಬೇಕು. ಅಚ್ಚಾದ ಪತ್ರಿಕೆಯಲ್ಲಿ ತಪ್ಪಾದರೆ ಅಳಿಸಲಾಗದು, ನಾಳೆ ಸಣ್ಣಕ್ಷರದಲ್ಲಿ ವಿಷಾದ ಹಾಕಬೇಕು. ಮುಖಪುಟದಲ್ಲಿ ಬೈದು ಏಳನೇ ಪುಟದ ಮೂಲೆಯಲ್ಲಿ ವಿಷಾದಿಸುತ್ತಾರೆ ಎಂದು ನೀನು ಬರೆದದ್ದು ನಿಜ. ಆದರೆ ಬ್ಲಾಗಿನಲ್ಲಿ ಅದಕ್ಕಿಂತ ಕೆಟ್ಟದ್ದು ನಡೆಯುತ್ತದೆ: ರಾತ್ರಿ ಒಳಹೊಕ್ಕು ಸಾಲನ್ನು ಬದಲಿಸಿ, ಏನೂ ಆಗದವರಂತೆ ಇದ್ದುಬಿಡುವುದು. ನೀನು ಕೆರೆಯ ವಿಸ್ತೀರ್ಣವನ್ನು ಮೊದಲು ಒಂದು ಬರೆದಿದ್ದೆ, ಮೊನ್ನೆ ನೋಡಿದರೆ ಇನ್ನೊಂದಿದೆ. ಸರಿಪಡಿಸಿದ್ದು ಒಳ್ಳೆಯದು, ಹೇಳದೆ ಸರಿಪಡಿಸಿದ್ದು ಒಳ್ಳೆಯದಲ್ಲ. ಹಳೆಯ ಅಂಕಿಯನ್ನು ನಂಬಿ ಯಾರಾದರೂ ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದರೆ? ಬರಹದ ಮೇಲ್ಭಾಗದಲ್ಲೇ ದಿನಾಂಕ ಹಾಕಿ, ಮೊದಲು ಏನಿತ್ತು, ಈಗ ಏನಾಗಿದೆ, ಎಚ್ಚರಿಸಿದವರು ಯಾರು ಎಂದು ಎರಡು ಸಾಲು ಬರೆ. ತಪ್ಪಿದ್ದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕುವ ಸೌಲಭ್ಯ ಪತ್ರಿಕೆಗಿಲ್ಲ, ನಿನಗಿದೆ. ಬ್ಲಾಗಿನ ನಿಜವಾದ ಹೆಚ್ಚುಗಾರಿಕೆ ಇದೇ. ಅದನ್ನು ಬಳಸದೆ ಸ್ವಾತಂತ್ರ್ಯ, ವೇಗ ಎಂದು ಹೇಳಿಕೊಂಡರೆ ಏನು ಬಂತು?

ಸುದ್ದಿಮನೆಯಲ್ಲಿರುವ ನನ್ನ ಕಿರಿಯ ಮಿತ್ರರು ಇದನ್ನು ಓದಿದರೆ ಅವರಿಗೂ ಒಂದು ಮಾತು. ಅಪ್ಪಾ, ಒಂದು ಬ್ಲಾಗಿನ ಹೆಸರು ಹಾಕಿದರೆ ನಿಮ್ಮ ವರದಿಯ ತೂಕ ಕಡಿಮೆಯಾಗುವುದಿಲ್ಲ. ‘ಈ ವಿಷಯವನ್ನು ಮೊದಲು ಬರೆದವರು ಇಂಥವರು, ಅದನ್ನು ನಾವು ಸ್ಥಳಕ್ಕೆ ಹೋಗಿ ಪರಿಶೀಲಿಸಿದೆವು’ ಎಂಬ ಒಂದು ವಾಕ್ಯದಲ್ಲಿ ನಿಮ್ಮ ಪರಿಶ್ರಮವೂ ಕಾಣುತ್ತದೆ, ಅವರ ಮರ್ಯಾದೆಯೂ ಉಳಿಯುತ್ತದೆ. 2006ರ ಜುಲೈನಲ್ಲಿ ಸರ್ಕಾರ ಕೆಲವೇ ತಾಣಗಳನ್ನು ತಡೆಯಲು ಹೇಳಿದಾಗ ಇಂಟರ್ನೆಟ್ ಕಂಪನಿಗಳು ಬ್ಲಾಗ್‌ಸ್ಪಾಟನ್ನೇ ಪೂರ್ತಿ ಮುಚ್ಚಿದ್ದವು. ಆಗ ಪತ್ರಿಕೆಗಳೂ ಅದನ್ನು ಸುದ್ದಿ ಮಾಡಿದವು. ನಾಳೆ ನಿಮ್ಮ ಮೇಲೆ ಒತ್ತಡ ಬಂದಾಗ ನಿಮ್ಮ ಪರವಾಗಿ ಬರೆಯಲು ಈ ಹುಡುಗ ಹುಡುಗಿಯರೇ ಬೇಕಾಗುತ್ತಾರೆ.

ಓದುಗರು ಕಾಗದವನ್ನೂ ನಂಬುವುದಿಲ್ಲ ಪುಟ್ಟಿ, ಪರದೆಯನ್ನೂ ನಂಬುವುದಿಲ್ಲ. ಎಲ್ಲಿಂದ ಪಡೆದೆ ಎಂದು ಹೇಳುವವರನ್ನು, ತಪ್ಪಿದಾಗ ತಪ್ಪಿತು ಎನ್ನುವವರನ್ನು ನಂಬುತ್ತಾರೆ. ಮೊದಲು ನಿನ್ನ ಬರಹಕ್ಕೆ ಹಳೆಯ ಪತ್ರಿಕೆಗಳ ಹೆಸರು, ದಿನಾಂಕ ಸೇರಿಸು; ವಿಸ್ತೀರ್ಣದ ತಿದ್ದುಪಡಿ ಹಾಕು. ಆಮೇಲೆ ಆ ಸಂಪಾದಕರಿಗೆ ಪತ್ರ ಬರೆ. ಮರ್ಯಾದೆಯಿಂದ ಬರೆ, ಆದರೆ ನಿನ್ನ ಬ್ಲಾಗಿನ ಹೆಸರು ಅಚ್ಚಾಗುವವರೆಗೆ ಬಿಡಬೇಡ.